ತಿರುಗುವ ಅಲಗಿನ ಪ್ರತಿಧ್ವನಿ: ರೇಡಾರ್ ಸಿಮ್ಯುಲೇಷನ್‌ನಲ್ಲಿ ಕಾಲದ ಲೆಕ್ಕ



ಹೆಲಿಕಾಪ್ಟರ್, ಡ್ರೋನ್ ಮೊದಲಾದ ರೋಟರ್ ಚಾಲಿತ ವಿಮಾನಗಳು ರೇಡಾರಿಗೆ ಹೇಗೆ ಕಾಣುತ್ತವೆ ಎಂಬುದನ್ನು ಅವು ಹಾರುವ ಮೊದಲೇ ಗಣಕದಲ್ಲಿ ಲೆಕ್ಕ ಹಾಕಿ ತಿಳಿಯುವ ಶಾಸ್ತ್ರ ಇಂದಿನ ನನ್ನ ವಿಷಯ. ಮೇಲ್ನೋಟಕ್ಕೆ ಇದು ಸೇನೆಗೂ ಬೆರಳೆಣಿಕೆಯ ಪ್ರಯೋಗಾಲಯಗಳಿಗೂ ಸೇರಿದ ಸಂಗತಿ ಎನಿಸಬಹುದು. ಆದರೆ ಇದರ ನಡುವೆ ಎಲ್ಲ ವಿಜ್ಞಾನಕ್ಕೂ ಸೇರಿದ ಒಂದು ಪ್ರಶ್ನೆ ಕುಳಿತಿದೆ. ಒಂದು ವಸ್ತುವನ್ನು ಗಣಿತದಲ್ಲಿ ಮತ್ತೆ ಕಟ್ಟಲು ಹೊರಟಾಗ ಅದರ ಯಾವ ವಿವರವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬಹುದು, ಅದನ್ನು ತೀರ್ಮಾನಿಸುವುದು ಯಾವುದರ ಆಧಾರದ ಮೇಲೆ? ರೋಟರಿನ ಮಟ್ಟಿಗೆ ನನ್ನ ಉತ್ತರ ಹೀಗಿದೆ: ಸಿಮ್ಯುಲೇಷನ್ನಿನ ಸತ್ಯ ಆಕೃತಿಯ ನಯಗಾರಿಕೆಗಿಂತ ಹೆಚ್ಚಾಗಿ ಕಾಲದ ಲೆಕ್ಕದಲ್ಲಿದೆ. ನೋಡುವ ರೇಡಾರ್ ಯಾವ ತರಂಗಾಂತರದಲ್ಲಿ, ಸೆಕೆಂಡಿಗೆ ಎಷ್ಟು ಸಲ, ಎಷ್ಟು ಹೊತ್ತು ನೋಡುತ್ತದೆ ಎಂಬುದನ್ನು ಒಳಗೊಳ್ಳದ ಸಿಮ್ಯುಲೇಷನ್, ಯಂತ್ರದ ಪ್ರತಿಯೊಂದು ಮೊಳೆಯನ್ನೂ ಚಿತ್ರಿಸಿದ್ದರೂ, ನಮಗೆ ಬೇಕಾದ ಉತ್ತರ ಕೊಡಲಾರದು. ಈ ಮಾತನ್ನು ಅಂಕಿಗಳ ಸಹಾಯದಿಂದ ಸಾಧಿಸಿ, ಅದಕ್ಕೆ ಬರಬಹುದಾದ ಆಕ್ಷೇಪಗಳಿಗೆ ಉತ್ತರಿಸಲು ಯತ್ನಿಸುತ್ತೇನೆ.

ವಸ್ತುವೊಂದು ರೇಡಾರಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಎಂಜಿನಿಯರುಗಳು ಚದರ ಮೀಟರಿನಲ್ಲಿ ಹೇಳುತ್ತಾರೆ. ಅದಕ್ಕೆ ರೇಡಾರ್ ಅಡ್ಡಕೊಯ್ತ ಎಂದು ಹೆಸರು. ಈ ಅಳತೆಗೂ ವಸ್ತುವಿನ ನಿಜವಾದ ಗಾತ್ರಕ್ಕೂ ನೇರ ಸಂಬಂಧವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಎಂಐಟಿ ವಿಕಿರಣ ಪ್ರಯೋಗಾಲಯದವರು ಬಿ-26 ಬಾಂಬರ್ ವಿಮಾನವನ್ನು 10 ಸೆಂಟಿಮೀಟರ್ ತರಂಗಾಂತರದಲ್ಲಿ ಸುತ್ತಲೂ ಅಳೆದು ಬರೆದ ನಕ್ಷೆ 1947ರಲ್ಲಿ ಪ್ರಕಟವಾಯಿತು. ಇಂದಿಗೂ ರೇಡಾರ್ ಪಠ್ಯಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ನೋಡುವ ಕೋನ ಕೇವಲ ಮೂರನೆಯ ಒಂದು ಡಿಗ್ರಿಯಷ್ಟು ಸರಿದರೆ ಪ್ರತಿಧ್ವನಿಯ ಬಲ 15 ಡೆಸಿಬೆಲ್, ಅಂದರೆ ಸುಮಾರು 30 ಪಟ್ಟು, ಏರಿಳಿಯುವುದನ್ನು ಆ ನಕ್ಷೆ ತೋರಿಸುತ್ತದೆ. ವಿಮಾನದ ಬೇರೆಬೇರೆ ಭಾಗಗಳಿಂದ ಮರಳಿದ ಅಲೆಗಳು ಒಂದೆಡೆ ಕೂಡಿಕೊಳ್ಳುತ್ತವೆ, ಇನ್ನೊಂದೆಡೆ ಒಂದನ್ನೊಂದು ಅಳಿಸುತ್ತವೆ. ಈ ಚಂಚಲತೆಗೆ ಅದೇ ಕಾರಣ. ಅಳತೆಯ ವೇಳೆ ಆ ವಿಮಾನದ ಪ್ರೊಪೆಲರುಗಳು ತಿರುಗುತ್ತಿದ್ದವು ಎಂಬ ಟಿಪ್ಪಣಿಯೂ ಅದರ ಜೊತೆಗಿದೆ. ಒಡಲು ಸ್ಥಿರವಾಗಿದ್ದರೂ ಪ್ರೊಪೆಲರಿನ ಪಾಲು ಸೆಕೆಂಡಿಗೆ ಸಾವಿರಾರು ಸಲ ಬದಲಾಗಬಲ್ಲದು. ನಿಧಾನಗತಿಯ ಸಲಕರಣೆ ಅದನ್ನು ಸರಾಸರಿಯಲ್ಲಿ ಕರಗಿಸಿಬಿಡುತ್ತದೆ. ತಿರುಗುವ ವಸ್ತುವಿಗೆ ಅಡ್ಡಕೊಯ್ತದ ಒಂದೇ ಒಂದು ಅಂಕಿ ಕೊಡುವುದರಲ್ಲಿ ಈ ನಷ್ಟ ಯಾವಾಗಲೂ ಇದೆ. ಕಳೆದುಹೋದದ್ದು ನಗಣ್ಯವಾಗಿದ್ದರೆ ಚಿಂತೆಯಿರಲಿಲ್ಲ. ರೋಟರಿನಲ್ಲಿ ನಮಗೆ ಅತ್ಯಂತ ಬೇಕಾದದ್ದೇ ಆ ಕಳೆದುಹೋದ ಭಾಗ.

ಏಕೆ ಬೇಕು ಎಂಬುದನ್ನು ವಿವರಿಸಲು ಡಾಪ್ಲರ್ ಪರಿಣಾಮವನ್ನು ನೆನೆಯಬೇಕು. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಮಂಡಿಸಿದ ಈ ತತ್ತ್ವದ ಪ್ರಕಾರ ಹತ್ತಿರ ಬರುವ ವಸ್ತುವಿನಿಂದ ಮರಳುವ ಅಲೆಯ ಆವರ್ತನ ಏರುತ್ತದೆ, ದೂರ ಸರಿಯುವುದರಿಂದ ಇಳಿಯುತ್ತದೆ. ರೇಡಾರಿನಲ್ಲಿ ಅಲೆ ಹೋಗಿ ಬರುವುದರಿಂದ, ವೇಗದ ಎರಡರಷ್ಟನ್ನು ತರಂಗಾಂತರದಿಂದ ಭಾಗಿಸಿದರೆ ಆ ವ್ಯತ್ಯಾಸ ಸಿಗುತ್ತದೆ. ಬೆಟ್ಟ, ಮರ, ಕಟ್ಟಡಗಳ ಪ್ರತಿಧ್ವನಿಯಲ್ಲಿ ಈ ವ್ಯತ್ಯಾಸ ಸೊನ್ನೆ. ಆದ್ದರಿಂದ ಸೊನ್ನೆಯ ಸುತ್ತಲಿನದ್ದನ್ನೆಲ್ಲ ಶೋಧಿಸಿ ತೆಗೆದರೆ ಚಲಿಸುವ ವಿಮಾನ ಮಾತ್ರ ಉಳಿಯುತ್ತದೆ. ಈ ಜಾಣ್ಮೆ ಹೆಲಿಕಾಪ್ಟರಿನ ಮುಂದೆ ಸೋಲುತ್ತದೆ, ಏಕೆಂದರೆ ಹೆಲಿಕಾಪ್ಟರ್ ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಲ್ಲದು. ಹಾಗೆ ನಿಂತಾಗ ಅದರ ಒಡಲು ಬೆಟ್ಟದ ಲೆಕ್ಕಕ್ಕೇ ಸೇರಿ ಶೋಧಕದಲ್ಲಿ ಮಾಯವಾಗುತ್ತದೆ. ಉಳಿಯುವುದು ತಿರುಗುವ ಅಲಗು ಮಾತ್ರ. 13.2 ಮೀಟರ್ ವ್ಯಾಸದ, ನಾಲ್ಕು ಅಲಗಿನ ರೋಟರ್ ಸೆಕೆಂಡಿಗೆ 5 ಸುತ್ತು ತಿರುಗುತ್ತಿದೆ ಎಂದು ಇಟ್ಟುಕೊಳ್ಳೋಣ. ಅಲಗಿನ ತುದಿಯ ವೇಗ ಸೆಕೆಂಡಿಗೆ 207 ಮೀಟರ್. 3 ಸೆಂಟಿಮೀಟರ್ ತರಂಗಾಂತರದಲ್ಲಿ ಇದರ ಡಾಪ್ಲರ್ ವ್ಯತ್ಯಾಸ ಸುಮಾರು 14 ಕಿಲೋಹರ್ಟ್ಸ್. ಬರುವ ಅಲಗಿನಿಂದ ಅಷ್ಟು ಮೇಲಕ್ಕೆ, ಹೋಗುವ ಅಲಗಿನಿಂದ ಅಷ್ಟು ಕೆಳಕ್ಕೆ, ನಡುವಿನ ಭಾಗಗಳಿಂದ ನಡುವಿನ ಎಲ್ಲ ಆವರ್ತನಗಳು. ಒಡಲ ಚಲನೆಯ ಮೇಲೆ ಹೀಗೆ ಹರಡಿಕೊಳ್ಳುವ ಈ ಸೂಕ್ಷ್ಮ ಚಲನೆಯ ಗುರುತನ್ನು ಮೈಕ್ರೋ ಡಾಪ್ಲರ್ ಎನ್ನುತ್ತಾರೆ. ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ವಿಕ್ಟರ್ ಚೆನ್ ಅವರು ಈ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ಕ್ರಮಬದ್ಧ ಗಣಿತವನ್ನೂ ಸಿಮ್ಯುಲೇಷನ್ ವಿಧಾನವನ್ನೂ ಕೊಟ್ಟರು. 2011ರಲ್ಲಿ ಅದರ ಮೇಲೆ ಪುಸ್ತಕವನ್ನೂ ಪ್ರಕಟಿಸಿದರು. ಪ್ರೊಪೆಲರಿನ ಪ್ರತಿಧ್ವನಿಯ ಸೂತ್ರಗಳು ಅದಕ್ಕೂ ಮೊದಲೇ, 1990ರ ಸುಮಾರಿಗೆ, ಪ್ರಕಟಿತ ಸಾಹಿತ್ಯದಲ್ಲಿದ್ದವು.

ಈಗ ಕಾಲದ ಲೆಕ್ಕಕ್ಕೆ ಬರೋಣ. ಅಲಗು ನೋಟದ ರೇಖೆಗೆ ಲಂಬವಾಗಿ ನಿಂತ ಕ್ಷಣದಲ್ಲಿ ಅದರ ಉದ್ದದ ಎಲ್ಲ ಭಾಗಗಳಿಂದ ಬರುವ ಅಲೆಗಳು ಒಟ್ಟಿಗೆ ಮರಳಿ, ಒಂದಕ್ಕೊಂದು ಕೂಡಿ, ಬಲವಾದ ಮಿಂಚಾಗುತ್ತವೆ. ಆ ಕೋನದಿಂದ ತುಸು ಸರಿದರೂ ಅವು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಮಿಂಚು ಉಳಿಯುವ ಕೋನ ಸ್ಥೂಲವಾಗಿ ತರಂಗಾಂತರವನ್ನು ಅಲಗಿನ ಉದ್ದದಿಂದ ಭಾಗಿಸಿದಷ್ಟು. ನಮ್ಮ ರೋಟರಿನಲ್ಲಿ, 3 ಸೆಂಟಿಮೀಟರ್ ಅಲೆಗೆ, ಮಿಂಚಿನ ಆಯುಷ್ಯ ಸುಮಾರು 100 ಮೈಕ್ರೋಸೆಕೆಂಡು. ಎರಡು ಮಿಂಚುಗಳ ನಡುವಿನ ಅಂತರ 50 ಮಿಲಿಸೆಕೆಂಡು. ಅಂದರೆ ಕಾಲದ 500 ಪಾಲಿನಲ್ಲಿ ಒಂದು ಪಾಲು ಮಾತ್ರ ಬೆಳಕು, ಮಿಕ್ಕದ್ದು ಕತ್ತಲು. ಇಂಥ ರೋಟರನ್ನು ನಿಮಿಷಕ್ಕೆ 15 ಸುತ್ತು ತಿರುಗುವ, 1.5 ಡಿಗ್ರಿ ಅಗಲದ ಕಿರಣವಿರುವ, ಸೆಕೆಂಡಿಗೆ 1000 ಪಲ್ಸ್ ಕಳಿಸುವ ಒಂದು ಕಣ್ಗಾವಲು ರೇಡಾರ್ ನೋಡುತ್ತಿದೆ ಎಂದು ಊಹಿಸಿ. ಪ್ರತಿ ಸುತ್ತಿನಲ್ಲಿ ಅದರ ಕಿರಣ ಹೆಲಿಕಾಪ್ಟರಿನ ಮೇಲೆ ನಿಲ್ಲುವುದು ಸುಮಾರು 17 ಮಿಲಿಸೆಕೆಂಡು. ಅಷ್ಟರಲ್ಲಿ ಒಂದು ಮಿಂಚು ಬೀಳುವ ಸಂಭವ ಮೂರರಲ್ಲಿ ಒಂದು. ಬಿದ್ದರೂ ಪಲ್ಸುಗಳ ನಡುವೆ ಒಂದು ಮಿಲಿಸೆಕೆಂಡಿನ ಅಂತರವಿರುವುದರಿಂದ ಪಲ್ಸೊಂದು ಮಿಂಚಿಗೆ ತಾಗುವ ಸಂಭವ ಹತ್ತರಲ್ಲಿ ಒಂದು. ಎರಡನ್ನೂ ಗುಣಿಸಿದರೆ ಮೂವತ್ತು ಸುತ್ತಿಗೆ ಒಂದು ಸಲ. ಸುತ್ತಿಗೆ 4 ಸೆಕೆಂಡಿನಂತೆ, ಸರಾಸರಿ ಎರಡು ನಿಮಿಷಕ್ಕೊಮ್ಮೆ ಒಂದು ಮಿಂಚು ಸಿಕ್ಕಬಹುದು. ಅದೇ ರೇಡಾರ್ 23 ಸೆಂಟಿಮೀಟರ್ ತರಂಗಾಂತರದಲ್ಲಿ ಕೆಲಸ ಮಾಡಿದರೆ ಮಿಂಚು ಏಳೆಂಟು ಪಟ್ಟು ದೀರ್ಘವಾಗುತ್ತದೆ, ಬಹುತೇಕ ಯಾವುದಾದರೊಂದು ಪಲ್ಸಿಗೆ ಅದು ಸಿಕ್ಕೇ ಸಿಗುತ್ತದೆ, ಕಾಯುವ ಅವಧಿ ಹದಿನೈದು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಹೆಲಿಕಾಪ್ಟರ್ ಅದೇ, ಅಲಗು ಅದೇ, ಆಕೃತಿಯಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ. ಆದರೂ ಒಂದು ರೇಡಾರಿಗೆ ಅದು ಬಹುತೇಕ ಅದೃಶ್ಯ, ಇನ್ನೊಂದಕ್ಕೆ ಸ್ಪಷ್ಟ. ನಾನು ಆರಂಭದಲ್ಲಿ ಮಂಡಿಸಿದ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಇದಕ್ಕೇ ಸೇರಿದ ಇನ್ನೊಂದು ಅಂಶವಿದೆ. ಸಿಕ್ಕ ಸಂಕೇತವನ್ನು ಆವರ್ತನಗಳಾಗಿ ಬಿಡಿಸುವಾಗ ಎಷ್ಟು ಉದ್ದದ ಕಾಲಖಂಡವನ್ನು ತೆಗೆದುಕೊಳ್ಳುತ್ತೇವೆ ಎಂಬುದರ ಮೇಲೆ ಚಿತ್ರವೇ ಬೇರೆಯಾಗುತ್ತದೆ. ಒಂದು ಸುತ್ತಿಗಿಂತ ಬಹಳ ಚಿಕ್ಕ ಖಂಡ ತೆಗೆದುಕೊಂಡರೆ ಕಾಲದ ಉದ್ದಕ್ಕೂ ಮಿಂಚುಗಳು ಒಂದೊಂದಾಗಿ ಕಾಣುತ್ತವೆ. ಹಲವು ಸುತ್ತುಗಳನ್ನು ಒಳಗೊಂಡ ಖಂಡ ತೆಗೆದುಕೊಂಡರೆ ಮಿಂಚುಗಳು ಕರಗಿ, ಸಮಾನ ಅಂತರದ ಗೆರೆಗಳ ಸಾಲು ಮೂಡುತ್ತದೆ. ಗೆರೆಗಳ ನಡುವಿನ ಅಂತರ, ಸೆಕೆಂಡಿನ ಸುತ್ತುಗಳನ್ನು ಅಲಗುಗಳ ಸಂಖ್ಯೆಯಿಂದ ಗುಣಿಸಿದಷ್ಟು. ನಮ್ಮ ಉದಾಹರಣೆಯಲ್ಲಿ 20 ಹರ್ಟ್ಸ್. ಎರಡೂ ಒಂದೇ ಭೌತಸತ್ಯದ ಎರಡು ನೋಟಗಳು. ಇನ್ನು ಪಲ್ಸುಗಳ ದರ ಸಾಲದೆ ಹೋದರೆ ಮೂರನೆಯ ನೋಟವೊಂದು ಹುಟ್ಟುತ್ತದೆ. ಅದು ಸುಳ್ಳು ನೋಟ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚಾವಣಿಯ ಫ್ಯಾನ್ ಕೆಲವೊಮ್ಮೆ ಹಿಮ್ಮುಖವಾಗಿ ತಿರುಗಿದಂತೆ ತೋರುವುದು ಇದೇ ಕಾರಣಕ್ಕೆ. 14 ಕಿಲೋಹರ್ಟ್ಸ್ ಮೇಲಕ್ಕೂ ಕೆಳಕ್ಕೂ ಹರಡಿದ ಸಂಕೇತವನ್ನು ಗೊಂದಲವಿಲ್ಲದೆ ಹಿಡಿಯಲು ಸೆಕೆಂಡಿಗೆ ಕನಿಷ್ಠ 28 ಸಾವಿರ ಪಲ್ಸು ಬೇಕು. ಅಷ್ಟು ವೇಗವಾಗಿ ಕಳಿಸಿದರೆ ಒಂದು ಪಲ್ಸಿನ ಪ್ರತಿಧ್ವನಿ ಬರುವ ಮೊದಲೇ ಮುಂದಿನದು ಹೊರಟು, ಐದಾರು ಕಿಲೋಮೀಟರಿನಾಚೆಯ ದೂರವನ್ನು ನಿಸ್ಸಂದೇಹವಾಗಿ ಹೇಳಲಾಗದು. ವೇಗ ಮತ್ತು ದೂರದ ನಡುವಿನ ಈ ಹಗ್ಗಜಗ್ಗಾಟ ರೇಡಾರ್ ವಿನ್ಯಾಸದ ಹಳೆಯ ಸಂಕಟ. ಒಳ್ಳೆಯ ಸಿಮ್ಯುಲೇಷನ್ ಈ ಸಂಕಟವನ್ನು ತನ್ನೊಳಗೆ ಎಳೆದುಕೊಳ್ಳಬೇಕು.

ಇದರಿಂದಾಗುವ ಪ್ರಾಯೋಗಿಕ ಪರಿಣಾಮವನ್ನು ನಮ್ಮಲ್ಲೇ ತಯಾರಾದ ಎರಡು ಯಂತ್ರಗಳಲ್ಲಿ ಪರೀಕ್ಷಿಸಬಹುದು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಫ್ರೆಂಚ್ ವಿನ್ಯಾಸದಿಂದ ತಯಾರಿಸಿದ ಚೇತಕ್ ಹೆಲಿಕಾಪ್ಟರಿಗೆ ಮೂರು ಅಲಗು, ರೋಟರಿನ ವ್ಯಾಸ 11.02 ಮೀಟರ್. ಅದೇ ಸಂಸ್ಥೆಯ, 1992ರಲ್ಲಿ ಮೊದಲು ಹಾರಿದ ಧ್ರುವಕ್ಕೆ ನಾಲ್ಕು ಅಲಗು, ವ್ಯಾಸ 13.2 ಮೀಟರ್. ಹೆಲಿಕಾಪ್ಟರುಗಳ ಅಲಗಿನ ತುದಿಯ ವೇಗವನ್ನು ಗಾಳಿಯ ಭೌತಶಾಸ್ತ್ರವೇ ಕಟ್ಟಿಹಾಕುತ್ತದೆ. ಬಹಳ ಹೆಚ್ಚಿದರೆ ಮುಂದಕ್ಕೆ ಬರುವ ಅಲಗು ಶಬ್ದದ ವೇಗವನ್ನು ಸಮೀಪಿಸುತ್ತದೆ, ಕಡಿಮೆಯಾದರೆ ಹಿಂದಕ್ಕೆ ಸರಿಯುವ ಅಲಗು ಎತ್ತುವ ಬಲ ಕಳೆದುಕೊಳ್ಳುತ್ತದೆ. ಹೀಗಾಗಿ ಚಿಕ್ಕದಿರಲಿ, ದೊಡ್ಡದಿರಲಿ, ಬಹುತೇಕ ಎಲ್ಲವುಗಳ ತುದಿವೇಗವೂ ಸೆಕೆಂಡಿಗೆ 200 ಮೀಟರಿನ ಆಸುಪಾಸು. ಕೇವಲ ಡಾಪ್ಲರ್ ಹರವಿನಿಂದ ಯಂತ್ರವನ್ನು ಗುರುತಿಸಲಾಗದು ಎಂದಾಯಿತು. ಆದರೆ ತುದಿವೇಗ ಮತ್ತು ಮಿಂಚುಗಳ ಅಂತರ ಎರಡೂ ತಿಳಿದರೆ ಅವುಗಳಿಂದ ಅಲಗಿನ ಉದ್ದವನ್ನು ಅಲಗುಗಳ ಸಂಖ್ಯೆಯಿಂದ ಭಾಗಿಸಿದ ಲಬ್ಧ ದೊರಕುತ್ತದೆ. ಚೇತಕ್‌ಗೆ ಅದು 1.84 ಮೀಟರ್, ಧ್ರುವಕ್ಕೆ 1.65. ಅಂತರ ಸಣ್ಣದು. ರೇಡಾರ್ ಕೆಳಗಿನಿಂದ 25 ಡಿಗ್ರಿ ಮೇಲಕ್ಕೆ ನೋಡುತ್ತಿದ್ದರೆ ಅಲಗಿನ ವೇಗದಲ್ಲಿ ನೋಟದ ದಿಕ್ಕಿನ ಪಾಲು ಶೇಕಡಾ 9ರಷ್ಟು ತಗ್ಗಿ, ಚೇತಕ್ 1.67 ಎಂದು ತೋರುತ್ತದೆ. ಕೋನದ ಲೆಕ್ಕ ಬಿಟ್ಟ ರೇಡಾರಿಗೆ ಒಂದು ಯಂತ್ರ ಇನ್ನೊಂದರ ವೇಷದಲ್ಲಿ ಕಾಣುತ್ತದೆ. ಆಗ ಕಾಪಾಡುವುದು ಅಲಗುಗಳ ಸರಿ-ಬೆಸ ಎಣಿಕೆ. ನಾಲ್ಕು ಅಲಗಿನಲ್ಲಿ ಒಂದು ಬರುವಾಗಲೇ ಅದರೆದುರಿನದು ಹೋಗುತ್ತದೆ, ಏರಿದ ಮಿಂಚು ಇಳಿದ ಮಿಂಚು ಒಂದೇ ಕ್ಷಣದಲ್ಲಿ ಹೊಳೆಯುತ್ತವೆ. ಮೂರು ಅಲಗಿನಲ್ಲಿ ಅವು ಸರದಿಯ ಮೇಲೆ, ಒಂದು ಸುತ್ತಿಗೆ ಆರು ಸಲ, ಬರುತ್ತವೆ. ಪಲ್ಸುಗಳ ದರ ಸಾಲದೆ ಏರಿದ್ದಕ್ಕೂ ಇಳಿದದ್ದಕ್ಕೂ ಭೇದ ಅಳಿದುಹೋದರೆ ಈ ಆಸರೆಯೂ ದುರ್ಬಲವಾಗುತ್ತದೆ. ಕೋನ, ಕಾಲ, ಪಲ್ಸಿನ ದರ ಇವು ಮೂರೂ ಸೇರಿದ ಇಂಥ ತೊಡಕನ್ನು ಮೊದಲೇ ಕಂಡುಹಿಡಿಯುವುದು ಸಿಮ್ಯುಲೇಷನ್ನಿನ ನಿಜವಾದ ಕೆಲಸ ಎಂದು ನಾನು ನಂಬಿದ್ದೇನೆ.

ಹಾಗಾದರೆ ಅದನ್ನು ಮಾಡುವುದು ಹೇಗೆ? ಮೂಲದಲ್ಲಿ ಇರುವುದು ಮ್ಯಾಕ್ಸ್‌ವೆಲ್ ಸಮೀಕರಣಗಳು. ಅವನ್ನು ಯಥಾವತ್ತಾಗಿ ಬಿಡಿಸುವ ಸಂಖ್ಯಾವಿಧಾನಗಳು 1960ರ ದಶಕದಿಂದ ಬಳಕೆಯಲ್ಲಿವೆ. ಅಲಗಿನ ವೇಗ ಬೆಳಕಿನ ವೇಗದ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಒಂದು ಮೈಕ್ರೋಸೆಕೆಂಡಿನ ಪಲ್ಸು ತಾಗುವಷ್ಟರಲ್ಲಿ ತುದಿ ಚಲಿಸುವುದು 0.2 ಮಿಲಿಮೀಟರ್. ಹೀಗಾಗಿ ಪ್ರತಿ ಕ್ಷಣಕ್ಕೂ ರೋಟರನ್ನು ನಿಲ್ಲಿಸಿದಂತೆ ಭಾವಿಸಿ, ಆ ಸ್ಥಿತಿಯ ಪ್ರತಿಧ್ವನಿಯನ್ನು ಲೆಕ್ಕ ಹಾಕಿ, ಮುಂದಿನ ಕ್ಷಣಕ್ಕೆ ಸರಿಯಬಹುದು. ಈ ಸರಳೀಕರಣ ದೃಢವಾದದ್ದು, ಯಾರೂ ಅದರ ಮೇಲೆ ಅನುಮಾನ ಪಡಬೇಕಿಲ್ಲ. ಕಷ್ಟವಿರುವುದು ಲೆಕ್ಕದ ಭಾರದಲ್ಲಿ. ಸೆಕೆಂಡಿಗೆ ಸುಮಾರು 30 ಸಾವಿರ ಸ್ಥಿತಿಗಳು ಬೇಕೆಂದರೆ ಒಂದು ಸುತ್ತಿಗೆ 6 ಸಾವಿರ. ನಾಲ್ಕು ಅಲಗುಗಳ ಸಮಮಿತಿಯನ್ನು ಬಳಸಿಕೊಂಡರೂ 1,500. ಒಂದೊಂದು ಸ್ಥಿತಿಯಲ್ಲೂ ಅಲಗಿನ ಮೇಲ್ಮೈಯನ್ನು ತರಂಗಾಂತರದ ಹತ್ತನೆಯ ಒಂದರಷ್ಟು, ಅಂದರೆ 3 ಮಿಲಿಮೀಟರಿನ, ತುಣುಕುಗಳಾಗಿ ಒಡೆಯಬೇಕು. ಅರ್ಧ ಮೀಟರ್ ಅಗಲದ ನಾಲ್ಕು ಅಲಗುಗಳಿಗೆ ಹತ್ತಿರಹತ್ತಿರ 30 ಲಕ್ಷ ತುಣುಕುಗಳಾಗುತ್ತವೆ. ಪ್ರತಿ ತುಣುಕೂ ಪ್ರತಿ ತುಣುಕಿನ ಮೇಲೆ ಬೀರುವ ಪ್ರಭಾವವನ್ನು ಕೋಷ್ಟಕವಾಗಿ ಬರೆದಿಡಲು 70 ಟೆರಾಬೈಟಿನಷ್ಟು ಸ್ಮೃತಿ ಬೇಕು, ಅದೂ ಒಡಲನ್ನು ಸೇರಿಸುವ ಮೊದಲು. ಜಾಣ ಕ್ರಮವಿಧಿಗಳು ಈ ಭಾರವನ್ನು ಬಹಳ ಇಳಿಸಿವೆ, ನಿಜ. ಆದರೂ ಇಂಥ ಎತ್ತರದ ಆವರ್ತನಗಳಲ್ಲಿ ಎಂಜಿನಿಯರುಗಳು ಸಾಮಾನ್ಯವಾಗಿ ಅಂದಾಜಿನ ವಿಧಾನಗಳಿಗೆ ಹೋಗುತ್ತಾರೆ: ಅಲೆ ತಾಗಿದ ಮೇಲ್ಮೈಯಲ್ಲಿ ಹರಿಯುವ ವಿದ್ಯುತ್ತನ್ನು ಸರಳವಾಗಿ ಅಂದಾಜಿಸುವುದು, ಅಂಚುಗಳ ಚದುರಿಕೆಗೆ 1960ರ ದಶಕದಲ್ಲಿ ಕೆಲರ್ ಮತ್ತು ಉಫಿಮ್ತ್ಸೆವ್ ಕೊಟ್ಟ ತಿದ್ದುಪಡಿಗಳನ್ನು ಸೇರಿಸುವುದು, ಒಡಲಿಗೆ ತಾಗಿ ಪುಟಿಯುವ ಕಿರಣಗಳನ್ನು ಬೆನ್ನಟ್ಟುವುದು. ಅಲಗಿನ ಅಗಲಕ್ಕಿಂತ ತರಂಗಾಂತರವೇ ದೊಡ್ಡದಾಗಿರುವ ಒಂದೆರಡು ಮೀಟರಿನ ಅಲೆಗಳಲ್ಲಿ ಈ ಅಂದಾಜುಗಳು ಮುರಿದುಬೀಳುತ್ತವೆ. ಸಂತೋಷದ ಸಂಗತಿಯೆಂದರೆ ಅಲ್ಲಿ ತುಣುಕುಗಳ ಸಂಖ್ಯೆ ಕುಸಿಯುವುದರಿಂದ ಪೂರ್ಣ ಲೆಕ್ಕವೇ ಸುಲಭ. ವಿಧಾನವನ್ನು ಆರಿಸುವುದೂ ರೇಡಾರೇ.

ಆಕೃತಿಯ ವಿವರ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಯಾವ ವಿವರ ಎಂಬುದೇ ಪ್ರಶ್ನೆ. ಪಠ್ಯಪುಸ್ತಕದ ಸರಳ ಮಾದರಿ ಅಲಗನ್ನು ಬಾಗದ ನೇರ ಕಡ್ಡಿಯೆಂದು ಭಾವಿಸುತ್ತದೆ. ಒಂದು ಪುಟದ ಸೂತ್ರದಲ್ಲಿ ಮಿಂಚುಗಳೆಲ್ಲ ಸೊಗಸಾಗಿ ಬಂದುಬಿಡುತ್ತವೆ. ನಿಜವಾದ ಅಲಗು ಹಾರಾಟದಲ್ಲಿ ಮೇಲೆ ಕೆಳಗೆ ಬಡಿಯುತ್ತದೆ, ಹಿಂದೆ ಮುಂದೆ ತೂಗುತ್ತದೆ, ತನ್ನ ಉದ್ದದ ಅಕ್ಷದ ಸುತ್ತ ತಿರುಚಿಕೊಳ್ಳುತ್ತದೆ. 6.6 ಮೀಟರ್ ಅಲಗು ತಿರುಗುವ ಸಮತಲದಲ್ಲಿ ಒಂದೇ ಒಂದು ಸೆಂಟಿಮೀಟರ್ ಬಾಗಿದರೂ, ಅಲೆ ಹೋಗಿ ಬರುವ ದಾರಿಯಲ್ಲಿ 2 ಸೆಂಟಿಮೀಟರ್ ವ್ಯತ್ಯಾಸವಾಗಿ, 3 ಸೆಂಟಿಮೀಟರ್ ಅಲೆಯ ಮೂರನೆಯ ಎರಡು ಭಾಗದಷ್ಟು ಹಂತ ತಪ್ಪುತ್ತದೆ. ಒಟ್ಟಿಗೆ ಕೂಡಬೇಕಾದ ಅಲೆಗಳು ಇನ್ನು ಪೂರ್ತಿ ಕೂಡುವುದಿಲ್ಲ. ಮಿಂಚು ಮಂಕಾಗಿ ಅಗಲವಾಗುತ್ತದೆ. 10 ಡಿಗ್ರಿ ಮೇಲಕ್ಕೆ ನೋಡುವಾಗ ತುದಿ 20 ಸೆಂಟಿಮೀಟರ್ ಮೇಲೆದ್ದರೆ ನೋಟದ ದಿಕ್ಕಿನಲ್ಲಿ ಸುಮಾರು ಮೂರೂವರೆ ಸೆಂಟಿಮೀಟರಿನ ಪಲ್ಲಟ, ಅಂದರೆ ಇಡೀ ಒಂದು ತರಂಗಾಂತರಕ್ಕಿಂತ ಹೆಚ್ಚು. ಎರಡು ಮೀಟರಿನ ಅಲೆಗೆ ಇದಾವುದೂ ಲೆಕ್ಕಕ್ಕಿಲ್ಲ. ಬಾಗದ ಕಡ್ಡಿಯ ಮಾದರಿ ಮಿಂಚನ್ನು ಇರುವುದಕ್ಕಿಂತ ಚೂಪಾಗಿ, ಬಲವಾಗಿ ತೋರಿಸುತ್ತದೆ. ಅದನ್ನು ನಂಬಿ ವಿನ್ಯಾಸ ಮಾಡಿದವರು ತಮ್ಮ ರೇಡಾರಿನ ಸಾಮರ್ಥ್ಯವನ್ನು ಹಿಗ್ಗಿಸಿ ಹೇಳಿದಂತಾಗುತ್ತದೆ. ಇಲ್ಲಿ ಕಾಕ್‌ಪಿಟ್ಟಿನ ಕಿಟಕಿಯ ಚೌಕಟ್ಟನ್ನು ಮಿಲಿಮೀಟರ್ ನಿಖರತೆಯಲ್ಲಿ ಚಿತ್ರಿಸುವುದಕ್ಕಿಂತ ಅಲಗಿನ ಬಾಗುವಿಕೆಯನ್ನು ಅರ್ಧ ಸೆಂಟಿಮೀಟರಿಗೆ ಸರಿಯಾಗಿ ಹೇಳಬಲ್ಲ ವಾಯುಯಾಂತ್ರಿಕ ಲೆಕ್ಕ ಎಷ್ಟೋ ಮುಖ್ಯ. ಬರುವ ಅಲಗು ತನ್ನ ದುಂಡಾದ ಮುಂಚೂಣಿಯ ಅಂಚನ್ನೂ ಹೋಗುವ ಅಲಗು ತನ್ನ ಚೂಪಾದ ಹಿಂದಿನ ಅಂಚನ್ನೂ ರೇಡಾರಿಗೆ ತೋರಿಸುತ್ತವೆ. ಆದ್ದರಿಂದ ಎರಡು ಮಿಂಚುಗಳು ಸಮಬಲವಾಗಿರುವುದಿಲ್ಲ, ಮತ್ತು ಅಲೆಯ ಧ್ರುವೀಕರಣ ಬದಲಾದಾಗ ಆ ಭೇದವೂ ಬದಲಾಗುತ್ತದೆ. ರೋಟರಿನ ನಡುಗುಂಬ, ಅಲಗುಗಳನ್ನು ಹಿಡಿದ ಕೊಂಡಿಗಳು, ಬಾಲದ ರೋಟರ್ ಇವೂ ತಮ್ಮ ಪಾಲು ಸೇರಿಸುತ್ತವೆ. ಬಾಲದ ರೋಟರ್ ಹಿಂದಿನಿಂದಲೋ ಮುಂದಿನಿಂದಲೋ ನೋಡಿದರೆ ಚೆನ್ನಾಗಿ ಮಿಂಚುತ್ತದೆ. ಪಕ್ಕದಿಂದ ನೋಡಿದರೆ ಅದರ ಅಲಗುಗಳು ನೋಟದ ದಿಕ್ಕಿಗೆ ಅಡ್ಡಲಾಗಿ ಸುತ್ತುವುದರಿಂದ ಡಾಪ್ಲರ್ ಬಹುಮಟ್ಟಿಗೆ ಅಡಗುತ್ತದೆ.

ಡ್ರೋನುಗಳಲ್ಲಿ ಚಿತ್ರ ಇನ್ನಷ್ಟು ಸ್ವಾರಸ್ಯಕರ. 24 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಪ್ರೊಪೆಲರ್ ಸೆಕೆಂಡಿಗೆ 100 ಸುತ್ತು ತಿರುಗಿದರೆ ತುದಿವೇಗ 75 ಮೀಟರ್, 3 ಸೆಂಟಿಮೀಟರ್ ಅಲೆಯಲ್ಲಿ ಡಾಪ್ಲರ್ 5 ಕಿಲೋಹರ್ಟ್ಸ್. ಅಲಗು ಚಿಕ್ಕದಾದ್ದರಿಂದ ಮಿಂಚಿನ ಕೋನ 14 ಡಿಗ್ರಿಯಷ್ಟು ಅಗಲ. ಅದನ್ನು ಮಿಂಚು ಎನ್ನುವುದಕ್ಕಿಂತ ಮೃದುವಾದ ಏರಿಳಿತ ಎನ್ನಬೇಕು. ಚಿಕ್ಕ ಡ್ರೋನಿನ ಅಡ್ಡಕೊಯ್ತ 0.01 ಚದರ ಮೀಟರಿನ ಆಸುಪಾಸು, ಹಕ್ಕಿಯದ್ದೂ ಅಷ್ಟೇ. ಬ್ಯಾಟರಿ, ಮೋಟಾರುಗಳ ಲೋಹ ಈ ಪ್ರತಿಧ್ವನಿಯ ಬಹುಪಾಲನ್ನು ಕೊಡುತ್ತದೆ, ಪ್ಲಾಸ್ಟಿಕ್ ಅಲಗಿನ ಪಾಲು ಅದಕ್ಕಿಂತ ಎಷ್ಟೋ ಪಟ್ಟು ಕ್ಷೀಣ. ಆದರೂ ಹಕ್ಕಿಯನ್ನೂ ಡ್ರೋನನ್ನೂ ಬೇರ್ಪಡಿಸಲು ಆ ಕ್ಷೀಣ ಪಾಲೇ ಆಧಾರ, ಏಕೆಂದರೆ ಹಕ್ಕಿಯ ರೆಕ್ಕೆ ಸೆಕೆಂಡಿಗೆ ಕೆಲವೇ ಸಲ ಬಡಿಯುತ್ತದೆ. ಇನ್ನೊಂದು ಮೂಲಭೂತ ವ್ಯತ್ಯಾಸವನ್ನು ಗಮನಿಸಬೇಕು. ಹೆಲಿಕಾಪ್ಟರ್ ತನ್ನ ರೋಟರಿನ ವೇಗವನ್ನು ಬಹುತೇಕ ಸ್ಥಿರವಾಗಿಟ್ಟುಕೊಂಡು, ಅಲಗಿನ ಓರೆಯನ್ನು ಬದಲಿಸಿ ಹಾರುತ್ತದೆ. ನಾಲ್ಕು ಪ್ರೊಪೆಲರಿನ ಡ್ರೋನು ಅಲಗಿನ ಓರೆಯನ್ನು ಮುಟ್ಟದೆ, ನಾಲ್ಕರ ವೇಗಗಳನ್ನೇ ಕ್ಷಣಕ್ಷಣಕ್ಕೂ ಬದಲಿಸುತ್ತ ತನ್ನನ್ನು ನಿಭಾಯಿಸಿಕೊಳ್ಳುತ್ತದೆ. ಗಾಳಿಯ ಒಂದು ಹೊಡೆತಕ್ಕೆ ನಾಲ್ಕು ರೋಟರುಗಳೂ ನಾಲ್ಕು ಬಗೆಯಲ್ಲಿ ಉತ್ತರಿಸುತ್ತವೆ, ಆವರ್ತನದ ಗೆರೆಗಳು ಕದಡಿ ಅಗಲವಾಗುತ್ತವೆ. ನಾಲ್ಕಕ್ಕೂ ಒಂದೇ ಸ್ಥಿರ ವೇಗ ಕೊಟ್ಟು ಮಾಡಿದ ಸಿಮ್ಯುಲೇಷನ್ ಅಚ್ಚುಕಟ್ಟಾದ ಗೆರೆಗಳನ್ನು ತೋರಿಸುತ್ತದೆ. ಹೊರಗಿನ ಆಕಾಶದಲ್ಲಿ ಅಂಥ ಗೆರೆಗಳು ಸಿಗುವುದು ಅಪರೂಪ. ಡ್ರೋನನ್ನು ಸರಿಯಾಗಿ ಅನುಕರಿಸಲು ವಿದ್ಯುತ್ಕಾಂತ ಶಾಸ್ತ್ರದ ಜೊತೆಗೆ ಅದರ ನಿಯಂತ್ರಕದ ಗಣಿತವೂ ಗಾಳಿಯ ಮಾದರಿಯೂ ಬೇಕು.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಇಷ್ಟೆಲ್ಲ ಲೆಕ್ಕದ ಬದಲು ನಿಜವಾದ ಹೆಲಿಕಾಪ್ಟರನ್ನು ಹಾರಿಸಿ ಅಳೆದರಾಗದೇ ಎಂಬುದು. ಅಳೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಕೋನ, ಎಲ್ಲ ತರಂಗಾಂತರ, ಎಲ್ಲ ಹಾರಾಟದ ಸ್ಥಿತಿಗಳಲ್ಲಿ ಅಳೆಯುವ ಸಂಪನ್ಮೂಲ ಯಾರ ಬಳಿಯೂ ಇಲ್ಲ. ಇನ್ನೂ ಕಾಗದದ ಮೇಲಿರುವ ಯಂತ್ರವನ್ನು ಅಳೆಯಲು ಬರುವುದೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಅಳತೆ ಒಂದು ಸಂಕೇತವನ್ನು ಕೊಡುತ್ತದೆ, ಅದರಲ್ಲಿ ಯಾವುದು ಅಲಗಿನದು, ಯಾವುದು ನಡುಗುಂಬದ್ದು, ಯಾವುದು ಬಾಗುವಿಕೆಯಿಂದ ಬಂದದ್ದು ಎಂದು ಬಿಡಿಸಿ ಹೇಳುವುದಿಲ್ಲ. ಸಿಮ್ಯುಲೇಷನ್ನಿನಲ್ಲಿ ಒಂದೊಂದನ್ನೇ ತೆಗೆದು ನೋಡಬಹುದು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ನೀವು ಹಾಕಿದ್ದನ್ನೇ ಗಣಕ ಮರಳಿ ಕೊಡುತ್ತದೆ, ಇದರಲ್ಲಿ ಹೊಸ ಜ್ಞಾನವೆಲ್ಲಿ? ಹಾಕಿದ್ದು ನಿಯಮಗಳು ಮತ್ತು ಊಹೆಗಳು, ಹೊರಬರುವುದು ಅವುಗಳ ಪರಿಣಾಮ. ಎರಡು ನಿಮಿಷಕ್ಕೊಮ್ಮೆ ಮಾತ್ರ ಕಾಣುವ ಹೆಲಿಕಾಪ್ಟರಿನ ಉದಾಹರಣೆಯಲ್ಲಿ ನಾವು ಹಾಕಿದ ಪ್ರತಿ ಅಂಕಿಯೂ ಸರ್ವವಿದಿತ, ಫಲಿತಾಂಶ ಹಾಗಿರಲಿಲ್ಲ. ಆದರೂ ಈ ಆಕ್ಷೇಪದಲ್ಲಿ ಒಪ್ಪಬೇಕಾದ ಭಾಗವಿದೆ. ಊಹೆಗಳನ್ನು ಬಚ್ಚಿಟ್ಟು ಚಿತ್ರವನ್ನು ಮಾತ್ರ ಮುಂದಿಡುವ ಸಿಮ್ಯುಲೇಷನ್ ನಿಜಕ್ಕೂ ವಂಚಿಸುತ್ತದೆ. ಬಣ್ಣಬಣ್ಣದ ಚಿತ್ರ ನಂಬಿಕೆಯನ್ನು ತಾನಾಗಿ ಹುಟ್ಟಿಸುತ್ತದೆ, ಅದರ ಹಿಂದಿನ ಬಾಗದ ಕಡ್ಡಿ ಯಾರಿಗೂ ಕಾಣುವುದಿಲ್ಲ.

ಮೂರನೆಯದು ಈಚಿನ ವಾದ. ಭೌತಶಾಸ್ತ್ರದ ಗೊಡವೆಯೇ ಬೇಡ, ಯಂತ್ರಕಲಿಕೆಗೆ ಸಾಕಷ್ಟು ಉದಾಹರಣೆ ಕೊಟ್ಟರೆ ಅದೇ ಗುರುತಿಸಲು ಕಲಿಯುತ್ತದೆ ಎನ್ನುತ್ತಾರೆ. ಆದರೆ ಅಷ್ಟು ಉದಾಹರಣೆಗಳನ್ನು ತರುವುದೆಲ್ಲಿಂದ? ನಿಜವಾದ ಅಳತೆಗಳು ಕಡಿಮೆ ಇರುವುದರಿಂದಲೇ ಸಿಮ್ಯುಲೇಷನ್ನಿನಿಂದ ಹುಟ್ಟಿದ ಸಂಕೇತಗಳನ್ನು ಅದಕ್ಕೆ ಉಣಿಸುವ ಪದ್ಧತಿ ಬೆಳೆದಿದೆ. ಆಗ ಯಂತ್ರ ಕಲಿಯುವುದು ಸಿಮ್ಯುಲೇಷನ್ನಿನ ಗುಣಗಳನ್ನು, ಅದರ ದೋಷಗಳ ಸಮೇತ. ಅತಿ ಚೂಪಾದ ಮಿಂಚನ್ನೇ ಹೆಲಿಕಾಪ್ಟರಿನ ಲಕ್ಷಣವೆಂದು ಕಲಿತ ಯಂತ್ರ ನಿಜವಾದ ಮಂಕು ಮಿಂಚಿನ ಮುಂದೆ ತಬ್ಬಿಬ್ಬಾಗುತ್ತದೆ. ಹೀಗಾಗಿ ಯಂತ್ರಕಲಿಕೆ ಬಂದ ಮೇಲೆ ಭೌತಶಾಸ್ತ್ರದ ಹೊಣೆ ಇಳಿದಿಲ್ಲ, ಏರಿದೆ. ಕೊನೆಯದಾಗಿ, ಇದು ರಕ್ಷಣೆಗೆ ಸೇರಿದ ವಿದ್ಯೆ, ಬಹಿರಂಗವಾಗಿ ಕಲಿಸುವುದು ಸರಿಯೇ ಎಂಬ ಅಳುಕು. ನಿರ್ದಿಷ್ಟ ಸೇನಾ ಯಂತ್ರವೊಂದರ ಅಳತೆಗಳು ಗುಪ್ತವಾಗಿರಲಿ, ಅದು ನ್ಯಾಯ. ಆದರೆ ನಾನು ಇಂದು ಹೇಳಿದ ತತ್ತ್ವಗಳೆಲ್ಲ ದಶಕಗಳಿಂದ ಮುದ್ರಿತ ಪುಸ್ತಕಗಳಲ್ಲಿವೆ, ಮತ್ತು ನಾಗರಿಕ ಜೀವನಕ್ಕೆ ಅವುಗಳ ಅಗತ್ಯ ದಿನೇದಿನೇ ಹೆಚ್ಚುತ್ತಿದೆ. ವಿಮಾನ ನಿಲ್ದಾಣದ ಬಳಿ ಹಾರುವ ಡ್ರೋನನ್ನು ಹಕ್ಕಿಯಿಂದ ಬೇರ್ಪಡಿಸುವುದು ಪ್ರಯಾಣಿಕರ ಜೀವದ ಪ್ರಶ್ನೆ. ಹಾರದ ರೋಟರುಗಳೂ ಇದೇ ಗಣಿತಕ್ಕೆ ಒಳಪಟ್ಟಿವೆ. ಚಿತ್ರದುರ್ಗ, ಗದಗ ಸೀಮೆಯ ಗುಡ್ಡಗಳ ಮೇಲೆ ತಿರುಗುವಂಥ ಗಾಳಿಯಂತ್ರಗಳ ಅಲಗಿನ ತುದಿ ಸೆಕೆಂಡಿಗೆ 70ರಿಂದ 90 ಮೀಟರ್ ವೇಗದಲ್ಲಿ ಚಲಿಸುತ್ತದೆ, ನೆಲದ ಪ್ರತಿಧ್ವನಿಯನ್ನು ಶೋಧಿಸುವ ಜಾಲರಿಯನ್ನು ದಾಟಿ ಬರುತ್ತದೆ. ಇಂಥ ಯಂತ್ರಗಳು ಹವಾಮಾನ ರೇಡಾರಿನಲ್ಲಿ ಇಲ್ಲದ ಮಳೆಯನ್ನು ತೋರಿಸುವುದನ್ನು ಅಮೆರಿಕ, ಯೂರೋಪುಗಳಲ್ಲಿ ಚೆನ್ನಾಗಿ ದಾಖಲಿಸಿದ್ದಾರೆ.

ಹೆಲಿಕಾಪ್ಟರ್ ವಿನ್ಯಾಸ, ರೇಡಾರ್ ವಿನ್ಯಾಸ ಎರಡೂ ಒಂದೇ ಊರಿನಲ್ಲಿ ನಡೆಯುವುದು ಎಲ್ಲೆಡೆ ಕಾಣುವ ಸಂಗತಿಯಲ್ಲ. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಇದೆ, ರಕ್ಷಣಾ ಸಂಶೋಧನಾ ಸಂಸ್ಥೆಯ ರೇಡಾರ್ ಪ್ರಯೋಗಾಲಯವಿದೆ, ಭಾರತ್ ಎಲೆಕ್ಟ್ರಾನಿಕ್ಸ್ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯಿದೆ. 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಅಲಗು ಎಷ್ಟು ಬಾಗುತ್ತದೆ ಎಂದು ಬಲ್ಲವರೂ ಆ ಬಾಗುವಿಕೆ ಪ್ರತಿಧ್ವನಿಯಲ್ಲಿ ಏನು ಮಾಡುತ್ತದೆ ಎಂದು ಬಲ್ಲವರೂ ಒಂದೇ ಮೇಜಿನ ಸುತ್ತ ಕುಳಿತರೆ ಮಾತ್ರ ಈ ಶಾಸ್ತ್ರ ಬೆಳೆಯುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಇದರಲ್ಲಿ ಪಾಲಿಲ್ಲ ಎಂದು ಭಾವಿಸಬೇಡಿ. 24 ಗಿಗಾಹರ್ಟ್ಸಿನ ಸಣ್ಣ ರೇಡಾರ್ ಘಟಕಗಳು ಇಂದು ವಿಭಾಗದ ಸಾಮಾನ್ಯ ಅನುದಾನಕ್ಕೆ ಎಟಕುತ್ತವೆ. ಕಟ್ಟಿಹಾಕಿದ ಒಂದು ಸಣ್ಣ ಪ್ರೊಪೆಲರಿನ ಮುಂದೆ ಅದನ್ನಿಟ್ಟರೆ 75 ಮೀಟರ್ ತುದಿವೇಗಕ್ಕೆ 12 ಕಿಲೋಹರ್ಟ್ಸ್ ಡಾಪ್ಲರ್ ಬರಬೇಕು, ಅದನ್ನು ಹಿಡಿಯಲು ಸೆಕೆಂಡಿಗೆ 24 ಸಾವಿರ ಸಲವಾದರೂ ನೋಡಬೇಕು ಎಂಬ ಲೆಕ್ಕದಿಂದ ವಿದ್ಯಾರ್ಥಿಗಳು ಶುರುಮಾಡಲಿ. ಪ್ರೊಪೆಲರಿನ ಸುತ್ತುಗಳನ್ನು ಬೇರೆ ಸಾಧನದಿಂದ ಅಳೆಯಲಿ, ತಮ್ಮ ಸಿಮ್ಯುಲೇಷನ್ನನ್ನು ಅದರ ಪಕ್ಕದಲ್ಲಿಡಲಿ, ಎರಡೂ ಎಲ್ಲಿ ಹೊಂದಲಿಲ್ಲ ಎಂಬುದನ್ನು ಹೊಂದಿದ ಭಾಗದಷ್ಟೇ ವಿವರವಾಗಿ ಬರೆದು, ಅಳತೆಗಳ ಸಮೇತ ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಅಧ್ಯಾಪಕರು ಆ ಹೊಂದದ ಭಾಗಕ್ಕೂ ಅಂಕ ಕೊಡಬೇಕೆಂದು ಈ ಸಭೆಯ ಮೂಲಕ ವಿನಂತಿಸುತ್ತೇನೆ.